ಪೆನ್ಸಿಲ್ಲಿನ ಇಂಟು ಗುರುತು

ನಮ್ಮ ಕಚೇರಿಗೆ ಬಂದ ಕಕ್ಷಿದಾರರು ಮೊದಲ ನಮಸ್ಕಾರವನ್ನು ಬಾಗಿಲ ಪಕ್ಕದ ಮೇಜಿಗೆ ಸಲ್ಲಿಸಿ ಆಮೇಲೆ ನನ್ನ ಕೋಣೆಗೆ ಬರುತ್ತಿದ್ದರು. ಹೊರಗಿನ ಬೋರ್ಡಿನಲ್ಲಿರುವುದು ನನ್ನ ಹೆಸರು. ಕರಿ ಕೋಟು ತೊಟ್ಟು ನ್ಯಾಯಾಧೀಶರ ಮುಂದೆ ನಿಲ್ಲುವವಳೂ ನಾನೇ. ಆದರೂ ರಾಮಕೃಷ್ಣನಗರದ ಆ ಎರಡು ಕೋಣೆಯ ಜಾಗ ಜನರ ಬಾಯಲ್ಲಿ ‘ಗುಮಾಸ್ತರ ಆಫೀಸು’. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನಮ್ಮಲ್ಲಿ ಅದು ತಿರುಗುಮುರುಗಾಗಿತ್ತು. ದೇವರು ಇನ್ನೂ ಕಡತ ಹುಡುಕುತ್ತಿರುವಾಗಲೇ ಪೂಜಾರಿ ವರ ಕೊಟ್ಟು ಕಳಿಸಿಬಿಡುತ್ತಿದ್ದರು.

ಆ ಗುಮಾಸ್ತರು ಕಳೆದ ತಿಂಗಳು ತೀರಿಕೊಂಡರು. ವಕೀಲರು ಹೋದರೆ ಸಂತಾಪಸಭೆ ಇರುತ್ತದೆ, ನಾಲ್ಕು ಜನ ಎದ್ದು ನಿಂತು ಮಾತಾಡುತ್ತಾರೆ. ಗುಮಾಸ್ತರಿಗೆ ಅಂಥದ್ದೇನೂ ಇಲ್ಲ. ನನಗೆ ಮಾತಾಡುವುದಿತ್ತು, ಅದಕ್ಕೆ ಬರೆಯುತ್ತಿದ್ದೇನೆ. ಅವರನ್ನು ಹೊಗಳಲು ಕೂತರೆ ಪುಟಗಟ್ಟಲೆ ಆದೀತು. ಆದರೆ ಅವರು ಮಾಡಿದ ಒಂದು ತಪ್ಪನ್ನು ಬಿಟ್ಟು ಬರೆದರೆ ಅವರೇ ನನ್ನನ್ನು ಕ್ಷಮಿಸುವುದಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ನನ್ನ ಸೀನಿಯರ್ ಕಾಲವಾದಾಗ ನನಗೆ ಬಂದ ಆಸ್ತಿ ಎರಡು ಬೀರು ತುಂಬ ಕಾನೂನು ಪುಸ್ತಕ ಮತ್ತು ಇವರು. ಪುಸ್ತಕಗಳಿಗೆ ಹುಳು ಹಿಡಿಯಿತು. ಇವರು ಮಾತ್ರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ, ಹಣೆಗೆ ಮೂರು ಪಟ್ಟೆ ವಿಭೂತಿ ಬಳಿದುಕೊಂಡು, ಬನ್ನಿಮಂಟಪದ ಹಿಂದಿನ ಓಣಿಯಿಂದ ಹಳೇ ಟಿವಿಎಸ್ಸಿನಲ್ಲಿ ಬಂದಿಳಿಯುತ್ತಿದ್ದರು. ನಂಜನಗೂಡಿನ ಕಡೆಯವರು. ಮಠದ ಉಚಿತ ಹಾಸ್ಟೆಲಿನಲ್ಲಿದ್ದು ಓದಿದವರು. ಮಧ್ಯಾಹ್ನ ಎರಡಾದರೂ ಬುತ್ತಿ ಬಿಚ್ಚದೆ ಕಕ್ಷಿದಾರರ ಜೊತೆ ಕೂತಿದ್ದರೆ ನಾನು ಗದರುತ್ತಿದ್ದೆ. “ಮಠದ ಅನ್ನ ತಿಂದೋನು ಮೇಡಂ. ಪಂಕ್ತೀಲಿ ಕೂತೋರ್ಗೆಲ್ಲ ಬಡಿಸಿ ಆಮೇಲೆ ಉಣ್ಬೇಕು ಅಂತ ಕಲ್ಸವ್ರೆ,” ಅನ್ನುತ್ತಿದ್ದರು.

ನಾನು ಹೊಸದಾಗಿ ವಕೀಲಿಕೆಗೆ ಬಂದಾಗ ಬರೆದ ಮೊದಲ ಅರ್ಜಿಯನ್ನು ಅವರು ಕನ್ನಡಕ ಮೇಲೆತ್ತಿ ಎರಡು ಸಲ ಓದಿದರು. ಮಡಿಸಿ ನನ್ನ ಕೈಗೇ ಕೊಟ್ಟು, “ಇಂಗ್ಲಿಷ್ ಬಾಳ ಚೆನ್ನಾಗದೆ ಮೇಡಂ. ಅರ್ಜಿ ಒಂದು ಇಲ್ಲ ಅಷ್ಟೆ,” ಅಂದರು. ಸಿಟ್ಟು ಬಂತು. ಸಂಜೆಯ ಹೊತ್ತಿಗೆ ಅವರು ಹೇಳಿದ್ದೇ ನಿಜವಾಗಿತ್ತು, ಕೋರ್ಟು ಅದನ್ನು ಆಕ್ಷೇಪಣೆ ಹಾಕಿ ವಾಪಸು ಕಳಿಸಿತ್ತು. ಅಂದಿನಿಂದ ನಾನು ಬರೆದದ್ದನ್ನೆಲ್ಲ ಮೊದಲು ಅವರ ಮೇಜಿಗೇ ಇಡುತ್ತಿದ್ದೆ. ಕಡೇ ತನಕ ನಾನು ಅವರ ವಿದ್ಯಾರ್ಥಿನಿ, ಅವರು ನನ್ನ ನೌಕರರು. ನಾನು ಕೊಡುತ್ತಿದ್ದ ಗುರುದಕ್ಷಿಣೆಗೆ ಸಂಬಳ ಎಂಬ ಹೆಸರಿತ್ತು, ಅಷ್ಟೆ.

ಅವರ ಅಂಗಿ ಜೇಬಿನಲ್ಲಿ ಯಾವಾಗಲೂ ಎರಡು ಸಾಮಾನು. ಒಂದು ಗಿಡ್ಡ ಪೆನ್ಸಿಲು, ಒಂದು ಸವೆದು ಹುಣಸೆಬೀಜದಷ್ಟಾದ ರಬ್ಬರು. ಕಾಗದದ ಮೇಲೆ ಕಕ್ಷಿದಾರರು ಎಲ್ಲೆಲ್ಲಿ ಸಹಿ ಹಾಕಬೇಕೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಚಿಕ್ಕದೊಂದು ಇಂಟು ಗುರುತು ಹಾಕುತ್ತಿದ್ದರು. ಎಲ್ಲ ಗುಮಾಸ್ತರೂ ಹಾಕುತ್ತಾರೆ. ಆದರೆ ಸಹಿಯಾದ ಮೇಲೆ ಒಂದೊಂದೇ ಗುರುತನ್ನು ಅಳಿಸಿ, ಪುಡಿ ಊದಿ, ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದವರು ಇವರೊಬ್ಬರೇ. “ಅದ್ಯಾಕೆ ಅಷ್ಟು ಕಷ್ಟ?” ಎಂದರೆ, “ಅವರಾಗೇ ಸಹಿ ಹಾಕವ್ರೆ ಅಂತ ಕಾಣ್ಬೇಕಲ್ಲ ಮೇಡಂ. ನಾವು ಬೆರಳು ತೋರ್ಸಿದ್ದು ಕಾಣ್ಬಾರ್ದು,” ಎಂಬ ಉತ್ತರ.

ಅವರದು ಇನ್ನೊಂದು ಹೆಚ್ಚುಗಾರಿಕೆ ಇತ್ತು. ಸಣ್ಣಪುಟ್ಟ ಕೇಸು. ಹೆಲ್ಮೆಟ್ಟಿಲ್ಲದವನು, ಫುಟ್‌ಪಾತಿನಲ್ಲಿ ಹೂ ಮಾರಿದವಳು, ಹಬ್ಬದಲ್ಲಿ ಇಸ್ಪೀಟಾಡಿ ಸಿಕ್ಕಿಬಿದ್ದ ಗುಂಪು. ಅವರನ್ನೆಲ್ಲ ಕೋರ್ಟಿನ ಮರದ ಕೆಳಗೆ ಸಾಲಾಗಿ ನಿಲ್ಲಿಸಿ, “ಸಾಹೇಬ್ರು ಕೇಳ್ದಾಗ ಹೂಂ ಅನ್ನಿ. ವಾದ ಮಾಡ್ಬೇಡಿ. ದಂಡ ಕಟ್ಟಿ ಹನ್ನೊಂದಕ್ಕೆಲ್ಲ ಮನೆಗೋಗಿ,” ಎಂದು ಪಾಠ ಹೇಳುತ್ತಿದ್ದರು. ಜನ ಹಾಗೇ ಮಾಡುತ್ತಿದ್ದರು, ಹನ್ನೊಂದಕ್ಕೆ ಮನೆಗೆ ಹೋಗುತ್ತಿದ್ದರು. ಎಷ್ಟೋ ವರ್ಷ ಇದು ಒಮ್ಮೆಯೂ ತಪ್ಪಲಿಲ್ಲ. ‘ಒಪ್ಕೊಂಡ್ಬುಟ್ರೆ ಮುಗೀತು’ ಎಂಬ ಅವರ ಮಾತನ್ನು ನಮ್ಮ ಜೂನಿಯರುಗಳು ಅಣಕಿಸಿ ನಗುತ್ತಿದ್ದರು.

ಅವರ ಓಣಿಯಲ್ಲಿ, ಗೋಡೆಗೆ ಗೋಡೆ ಹಚ್ಚಿದ ಮನೆಯಲ್ಲಿ, ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸ ಮಾಡುವ ಹೆಂಗಸೊಬ್ಬಳಿದ್ದಳು. ಟಿ. ನರಸೀಪುರದ ಕಡೆಯಿಂದ ಬಂದ ಬೌದ್ಧ ಕುಟುಂಬ. ಗಂಡ ಇರಲಿಲ್ಲ. ಒಬ್ಬನೇ ಮಗ, ಹದಿನೇಳು ವರ್ಷ, ಎರಡನೇ ಪಿಯುಸಿ. ರಜೆಯಲ್ಲಿ ಹತ್ತಿರದ ಬೈಕ್ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ. ಗುಮಾಸ್ತರಿಗೆ ಮಕ್ಕಳಿರಲಿಲ್ಲ. ಹುಡುಗ ಅವರ ಮನೆಯಲ್ಲೇ ಅರ್ಧ ಬೆಳೆದವನು, ಅವರನ್ನು ತಾತ ಎಂದೂ ಅವರ ಹೆಂಡತಿಯನ್ನು ಅಜ್ಜಿ ಎಂದೂ ಕರೆಯುತ್ತಿದ್ದ. ಅವನ ತಾಯಿಗೆ ಅವರು ಅಪ್ಪಾಜಿ.

ಆ ವರ್ಷ ಆಯುಧಪೂಜೆಯ ದಿನ ಹುಡುಗ ಊರಲ್ಲಿರಲಿಲ್ಲ, ಚಿಕ್ಕಮ್ಮನ ಮನೆಗೆ ಹೋಗಿದ್ದ. ಮರುದಿನ, ವಿಜಯದಶಮಿ ಮಧ್ಯಾಹ್ನ, ಪೂಜೆಯ ಪುರಿ ಕಡಲೆ ಇಸಿದುಕೊಳ್ಳಲು ಗ್ಯಾರೇಜಿಗೆ ಹೋದ. ಅವತ್ತು ದಸರಾ ಮೆರವಣಿಗೆ ಬಂದು ಮುಗಿಯುವುದು ಬನ್ನಿಮಂಟಪದಲ್ಲೇ ಅಲ್ಲವೇ, ಎಲ್ಲಿ ನೋಡಿದರೂ ಪೊಲೀಸರು. ಗ್ಯಾರೇಜಿನವನು ಪುರಿ ಪೊಟ್ಟಣದ ಜೊತೆ ತಂತಿ ಸುತ್ತಿ ಬಿಗಿದ ಸಾಮಾನಿನ ಪೆಟ್ಟಿಗೆಯೊಂದನ್ನು ಕೊಟ್ಟು, “ರೋಡೆಲ್ಲ ಬಂದ್ ಆಯ್ತದೆ, ಇಲ್ಲಿ ಯಾರೂ ಇರಲ್ಲ. ನಿಮ್ಮನೇಲಿಟ್ಟು ನಾಳೆ ತಗೊಂಡ್ಬಾ,” ಅಂದನಂತೆ. ಇನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ತಪಾಸಣೆಯವರು ನಿಲ್ಲಿಸಿದರು. ಪೆಟ್ಟಿಗೆಯಲ್ಲಿ ಸ್ಪ್ಯಾನರುಗಳ ಕೆಳಗೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ನಾಡ ಪಿಸ್ತೂಲು ಸಿಕ್ಕಿತು. ಒಳಗೆ ಎರಡು ಗುಂಡು. ಪೆಟ್ಟಿಗೆ ನನ್ನದಲ್ಲವೇ ಅಲ್ಲ ಎಂದು ಗ್ಯಾರೇಜಿನವನು ಕೈತೊಳೆದುಕೊಂಡ.

ಹುಡುಗನಿಗೆ ಜಾಮೀನು ಸಿಕ್ಕಿತು. ಬಾಲನ್ಯಾಯ ಮಂಡಳಿಯಲ್ಲಿ ವಿಚಾರಣೆ ಶುರುವಾಗುವ ಹಿಂದಿನ ದಿನ ತಾಯಿ ಮಗ ಇಬ್ಬರೂ ನಮ್ಮ ಕಚೇರಿಗೆ ಬಂದು ಗುಮಾಸ್ತರ ಮುಂದೆ ಕೂತಿದ್ದರು. ಒಳಗಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು.

“ತಾತ, ಅದು ನಂದಲ್ಲ. ನಾನು ಪೆಟ್ಗೆ ತೆಗ್ದೇ ಇಲ್ಲ.”

“ಗೊತ್ತು ಕಣೋ ಮರಿ. ನಿಂದು ಅಂತ ಯಾರಂದ್ರು? ಇಲ್ಲ ಅಂತ ನಿಂತ್ಕೊಂಡ್ರೆ ವರ್ಷಗಟ್ಲೆ ಅಲೀಬೇಕು, ಕಾಲೇಜು ಹಾಳಾಯ್ತದೆ. ಮಕ್ಕಳ ಕೇಸು ಇದು. ಒಪ್ಕೊಂಡ್ಬುಟ್ರೆ ನಾಲ್ಕು ಬುದ್ಧಿ ಮಾತು ಹೇಳಿ ಅಮ್ಮನ ಜೊತೆ ಕಳಿಸ್ತಾರೆ.”

“ಮಾಡ್ದೇ ಇರೋದ್ನ ಮಾಡ್ದೆ ಅನ್ನದಾ?”

“ಒಂದೇ ನಿಮಿಷ ಕಣೋ. ಹೂಂ ಅಂದ್ರೆ ಆಯ್ತು.”

ಓದಿದವರು ಹೇಳುತ್ತಿದ್ದಾರೆ, ಅದೂ ಅಪ್ಪಾಜಿ ಹೇಳುತ್ತಿದ್ದಾರೆ ಎಂದು ತಾಯಿ ನೆಮ್ಮದಿಯಿಂದಿದ್ದಳು. ಗುಮಾಸ್ತರು ಒಪ್ಪಿಗೆ ಪತ್ರವೊಂದನ್ನು ಟೈಪು ಮಾಡಿ, ಗುರುತು ಹಾಕಿ, ಹುಡುಗನಿಂದ ಸಹಿ ಮಾಡಿಸಿದರು. ನನ್ನ ಬಾಗಿಲಿಗೆ ಬಂದು, “ಮೇಡಂ, ನಾಳೆ ನೀವು ಬರೋದೇನ್ಬೇಡ. ಜೂನಿಯರ್ ಕಳ್ಸಿ, ಸಾಕು,” ಅಂದರು. ಮರುದಿನ ನನಗೊಂದು ಆಸ್ತಿ ವ್ಯಾಜ್ಯದಲ್ಲಿ ಪಾಟೀಸವಾಲಿತ್ತು. ತಲೆ ಎತ್ತದೆಯೇ “ಆಯ್ತು” ಎಂದೆ. ಪೊಲೀಸರ ಕಾಗದಪತ್ರ ಏನು ಹೇಳುತ್ತದೆ ಎಂದು ನಾನೂ ಕೇಳಲಿಲ್ಲ, ಅವರೂ ಓದಿರಲಿಲ್ಲ. ಕಂಡವರ ಕೇಸಿನ ಕಾಗದವನ್ನೆಲ್ಲ ಅಕ್ಷರ ಬಿಡದೆ ಓದುತ್ತಿದ್ದ ಮನುಷ್ಯ, ತಮ್ಮ ಮನೆ ಹುಡುಗನದೆಂದು ಅವಸರ ಮಾಡಿದರು.

ಮಂಡಳಿಯವರು ಹುಡುಗನಿಗೆ ಬುದ್ಧಿ ಹೇಳಿ ಕಳಿಸಲಿಲ್ಲ. ತುಂಬಿದ ಜನಸಂದಣಿ, ಮೆರವಣಿಗೆಯ ದಾರಿ, ಗುಂಡು ತುಂಬಿದ ಪಿಸ್ತೂಲು. ಹುಡುಗನೇ ಒಪ್ಪಿಕೊಂಡಿದ್ದಾನೆ, ಇನ್ನು ಯಾರನ್ನು ಏನು ಕೇಳುವುದು? ಎರಡು ವರ್ಷ ಬೇರೆ ಊರಿನ ವಿಶೇಷ ಗೃಹದಲ್ಲಿರಬೇಕೆಂದು ಆದೇಶವಾಯಿತು. ಅವತ್ತು ಸಂಜೆ ಆ ತಾಯಿ ನರ್ಸಿಂಗ್ ಹೋಮಿನ ನೀಲಿ ಸೀರೆಯಲ್ಲೇ ಕಚೇರಿಗೆ ಬಂದು ಗುಮಾಸ್ತರ ಮೇಜಿನ ಮುಂದೆ ನಿಂತಳು. ಅವಳು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

“ಅಪ್ಪಾಜಿ, ಎರಡು ವರ್ಷ ಅಂದ್ರೆ ಬುದ್ಧಿ ಹೇಳಾದಾ?” ಎಂದಳು.

ಅವರು ಎದ್ದು ನಿಂತರು. ಕುಡಿಯಲು ನೀರು ಕೊಟ್ಟರು. ಅವಳು ಕುಡಿದು ಲೋಟ ಅಲ್ಲೇ ಇಟ್ಟು ಹೋದಳು.

ಮೇಲ್ಮನವಿಗೆ ಮೂವತ್ತು ದಿನದ ವಾಯಿದೆ. ನಕಲು ಶಾಖೆಯಿಂದ ದಾಖಲೆಗಳ ಪ್ರತಿಯನ್ನು ಅವರು ಮೂರೇ ದಿನಕ್ಕೆ ತಂದರು. ಮೇಲ್ಮನವಿ ಎಂದರೆ ಹಳೆಯ ದಾಖಲೆಯನ್ನೆಲ್ಲ ಉದ್ದನೆಯ ನೋಟ್ ಪುಸ್ತಕಕ್ಕೆ ಕೈಯಲ್ಲಿ ನಕಲಿಳಿಸುವುದು ಅವರ ಪದ್ಧತಿ. ಕಣ್ಣು ಹಾರಿಸಿಕೊಂಡು ಹೋಗುವುದನ್ನು ಕೈ ಹಿಡಿಯುತ್ತದೆ ಅನ್ನುತ್ತಿದ್ದರು. ಆ ಮಧ್ಯಾಹ್ನ ಪೆನ್ನಿನ ಸದ್ದು ನಿಂತಿತು.

“ಮೇಡಂ, ಇಲ್ಲಿ ಕುಂಕುಮ ಅಂತದೆ.”

ಹೊರಗೆ ಬಂದು ನೋಡಿದೆ. ಪೊಲೀಸರ ಮಹಜರು. ‘ತಂತಿಯಿಂದ ಬಿಗಿದಿದ್ದ ಸದರಿ ಪೆಟ್ಟಿಗೆಯನ್ನು ಬಿಚ್ಚಿಸಿ ನೋಡಲಾಗಿ, ಸ್ಪ್ಯಾನರುಗಳು ಒಂಬತ್ತು, ಸುತ್ತಿಗೆ ಒಂದು, ಬಟ್ಟೆಯಲ್ಲಿ ಸುತ್ತಿದ್ದ ಪಿಸ್ತೂಲು ಒಂದು ಇದ್ದು, ಇವೆಲ್ಲದರ ಮೇಲೂ ಅರಿಶಿನ ಕುಂಕುಮ ಹಚ್ಚಿರುತ್ತದೆ.’

ಗುಮಾಸ್ತರು ಆಗಲೇ ಫೋನು ಮಾಡುತ್ತಿದ್ದರು. “ಏನಮ್ಮ, ನಿಮ್ಮನೇಲಿ ಕುಂಕುಮ ಇಟ್ಕಂಡಿದೀರಾ?”

“ಇಲ್ಲ ಕಣಪ್ಪಾಜಿ. ನಮ್ಮತ್ತೆ ಕಾಲ್ದಿಂದ್ಲೂ ಇಲ್ಲ. ಬುದ್ಧನ ಫೋಟೋ ಮುಂದೆ ದೀಪ ಹಚ್ತೀವಿ, ಅಷ್ಟೆಯಾ. ಯಾಕೆ?”

“ಏನಿಲ್ಲ, ಬುಡಮ್ಮ.”

ಹುಡುಗ ಊರಲ್ಲೇ ಇಲ್ಲದ ದಿನ ಆ ಪಿಸ್ತೂಲನ್ನು ಯಾರೋ ಸ್ಪ್ಯಾನರುಗಳ ಜೊತೆ ಸಾಲಾಗಿಟ್ಟು ಪೂಜೆ ಮಾಡಿದ್ದರು. ಕುಂಕುಮವೇ ಇಲ್ಲದ ಮನೆಯ ಹುಡುಗ ಆ ಪೆಟ್ಟಿಗೆಯನ್ನು, ಬಿಗಿದ ತಂತಿ ಬಿಚ್ಚದೆ, ಹೊತ್ತಿದ್ದ. ಪೆಟ್ಟಿಗೆ ಗ್ಯಾರೇಜಿನದು, ಒಳಗೇನಿದೆ ಎಂದು ಹುಡುಗನಿಗೆ ಗೊತ್ತಿರಲಿಲ್ಲ ಎಂದು ತೋರಿಸಲು ಇಷ್ಟು ಹಿಡಿದು ವಾದ ಶುರು ಮಾಡಬಹುದಿತ್ತು. ಮಹಜರಿನ ಎರಡೇ ಸಾಲು, ಪೊಲೀಸರೇ ಬರೆದದ್ದು. ವಿಚಾರಣೆ ನಡೆಸಿ ಇದನ್ನು ಎತ್ತಿದ್ದರೆ ಹುಡುಗ ಬಿಡುಗಡೆಯಾಗುತ್ತಿದ್ದನೆಂದು ನಾನು ಇವತ್ತಿಗೂ ನಂಬುತ್ತೇನೆ.

ಅವರು ಹಾಳೆ ತಿರುವಿದರು. ಮುಂದಿನದು ಒಪ್ಪಿಗೆ ಪತ್ರದ ಜೆರಾಕ್ಸು. ಕೆಳಗೆ ಹುಡುಗನ ಗುಂಡನೆಯ ಸಹಿ. ಅದರ ಎಡಕ್ಕೆ ಸಣ್ಣ ಇಂಟು ಗುರುತು, ಅಳಿಸಿರಲಿಲ್ಲ. ಅಷ್ಟು ವರ್ಷದಲ್ಲಿ ಅವರು ಮರೆತ ಗುರುತು ಅದೊಂದೇ ಇರಬೇಕು. ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ನಾನು ಒಳಗೆ ಹೋಗಿ ಕೂತೆ. ಅಳು ಬಂತು, ಅತ್ತುಬಿಟ್ಟೆ.

ಮೇಲ್ಮನವಿ ಹಾಕಿದೆವು. ಅದರ ಜೊತೆಗೆ ಅವರು ತಮ್ಮದೊಂದು ಪ್ರಮಾಣಪತ್ರವನ್ನು ಟೈಪು ಮಾಡಿ ತಂದರು. ನಾಲ್ಕೇ ವಾಕ್ಯ. ‘ಹುಡುಗ ತನ್ನದಲ್ಲ ಎಂದ. ನಾನು ಒಪ್ಪಿಕೋ ಎಂದೆ. ಅವನು ನನ್ನನ್ನು ನಂಬಿದ. ತಪ್ಪು ನನ್ನದು.’ ಅದನ್ನು ಸಲ್ಲಿಸಲು ನಾನು ಒಂದು ವಾರ ಹಿಂದೆಮುಂದೆ ನೋಡಿದೆ. ಸಲ್ಲಿಸಿದರೆ ನನ್ನ ಕಚೇರಿಯ ಅಜಾಗರೂಕತೆ ಇಡೀ ಕೋರ್ಟಿಗೆ ಗೊತ್ತಾಗುತ್ತದೆ, ನಾಳೆ ಯಾರು ಬರುತ್ತಾರೆ ಎಂಬ ಲೆಕ್ಕ ನನ್ನದು. ಅವರು ದಿನಾ ಬೆಳಿಗ್ಗೆ ಅದನ್ನು ಕಡತದ ಮೇಲ್ಗಡೆಯೇ ಇಡುತ್ತಿದ್ದರು, ನಾನು ಕೆಳಗೆ ಸೇರಿಸುತ್ತಿದ್ದೆ. ಏಳನೇ ದಿನ ಸಹಿ ಹಾಕಿ ಸಲ್ಲಿಸಿದೆ.

ಆದೇಶಕ್ಕೆ ತಡೆ ಸಿಗಲಿಲ್ಲ. ದಾಖಲೆ ತರಿಸಬೇಕು, ಸರ್ಕಾರದ ಕಡೆಯವರಿಗೆ ಸಮಯ ಬೇಕು, ಒಂದೊಂದು ವಾಯಿದೆಗೂ ತಿಂಗಳು. ಪ್ರತಿ ತಿಂಗಳು ಗುಮಾಸ್ತರು ಆ ತಾಯಿಯ ಜೊತೆ ಬಸ್ಸು ಹತ್ತಿ ಹುಡುಗನನ್ನು ನೋಡಲು ಹೋಗುತ್ತಿದ್ದರು. ಬಸ್ಸಿನಲ್ಲಿ ಅವಳು ಇವರ ಜೊತೆ ಮಾತಾಡುತ್ತಿರಲಿಲ್ಲ, ಆದರೆ ಇವರಿಗಾಗಿ ಕಿಟಕಿ ಪಕ್ಕದ ಸೀಟು ಹಿಡಿದಿರುತ್ತಿದ್ದಳಂತೆ. ಮೊದಲೆಲ್ಲ ಹುಡುಗ ಓಡಿ ಬಂದು “ತಾತ, ಅಪೀಲು ಎಲ್ಲಿಗೆ ಬಂತು?” ಅನ್ನುತ್ತಿದ್ದನಂತೆ. ಆಮೇಲೆ ಅವರಾಗಿಯೇ ಹೇಳಿದರೂ ಗೋಡೆ ನೋಡುತ್ತಿದ್ದನಂತೆ. ಸೋಮವಾರ ಕಚೇರಿಗೆ ಬಂದಾಗ “ಹೇಗಿದಾನೆ?” ಎಂದು ಕೇಳಿದರೆ, “ಉದ್ದ ಆಗವ್ನೆ ಮೇಡಂ,” ಎನ್ನುವುದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಮರದ ಕೆಳಗಿನ ಪಾಠವನ್ನೂ ನಿಲ್ಲಿಸಿದ್ದರು. ಯಾರಾದರೂ ಒಪ್ಪಿಕೊಳ್ಳಲೇ ಎಂದು ಕೇಳಿದರೆ, “ನನ್ ಕೇಳ್ಬೇಡಿ. ಒಳಗೆ ವಕೀಲ್ರವ್ರೆ,” ಅನ್ನುತ್ತಿದ್ದರು.

ವಾದಕ್ಕೆ ಬಂದಾಗ ಹದಿನೆಂಟು ತಿಂಗಳು ಕಳೆದಿತ್ತು. ನಾನು ಒಂದು ಗಂಟೆ ವಾದಿಸಿದೆ. ತಂತಿ, ಕುಂಕುಮ, ಚಿಕ್ಕಮ್ಮನ ಊರು, ಎಲ್ಲ ಹೇಳಿದೆ. ಸರ್ಕಾರಿ ವಕೀಲರು ಎದ್ದು ಒಪ್ಪಿಗೆ ಪತ್ರ ಓದಿ ಕೂತರು. ನ್ಯಾಯಾಧೀಶರು ಪ್ರಮಾಣಪತ್ರ ತಿರುವಿ, “ಇವರು ನಿಮ್ಮ ಗುಮಾಸ್ತರೇ?” ಎಂದರು. ಹೌದೆಂದೆ. ಹಿಂದಿನ ಬೆಂಚಿನಲ್ಲಿ ಗುಮಾಸ್ತರು ಎದ್ದು ಕೈಮುಗಿದು ನಿಂತಿದ್ದರು. “ಸಹಿ ಹುಡುಗನದೇ ತಾನೆ?” ಎಂದು ನ್ಯಾಯಾಧೀಶರು ನನ್ನನ್ನು ಕೇಳಿದರು. ಅದಕ್ಕೂ ಹೌದೆನ್ನಬೇಕಾಯಿತು. ಒಪ್ಪಿಗೆ ಸ್ವಇಚ್ಛೆಯದು, ಪ್ರಮಾಣಪತ್ರ ಆಮೇಲೆ ಹೊಳೆದ ಮಾತು ಎಂದು ಮೇಲ್ಮನವಿ ವಜಾ ಆಯಿತು. ಆ ನ್ಯಾಯಾಧೀಶರ ಜಾಗದಲ್ಲಿ ನಾನಿದ್ದಿದ್ದರೂ ಇನ್ನೇನು ಬರೆಯುತ್ತಿದ್ದೆನೋ ಗೊತ್ತಿಲ್ಲ.

ಹುಡುಗ ಎರಡು ವರ್ಷ ಪೂರ್ತಿ ಮುಗಿಸಿ ಬಂದ. ಅಷ್ಟರಲ್ಲಿ ಗುಮಾಸ್ತರು ಹೈಕೋರ್ಟಿಗೆ ಹಾಕುವ ಅರ್ಜಿಯನ್ನು ಸಿದ್ಧ ಮಾಡಿದ್ದರು. “ಇನ್ನು ಯಾಕೆ? ಶಿಕ್ಷೆಯೇ ಮುಗಿಯಿತಲ್ಲ. ಮಕ್ಕಳ ದಾಖಲೆಯನ್ನು ಅಳಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ,” ಎಂದೆ. “ಕಾಯ್ದೆ ಅಳಿಸ್ತದೆ ಮೇಡಂ. ನಮ್ಮೋಣಿಯೋರು ಅಳಿಸ್ತಾರಾ? ಅವನ್ದಲ್ಲ ಅಂತ ಒಂದು ಕಾಗದದಲ್ಲಾದ್ರೂ ಬರ್ಬೇಕು,” ಎಂದು ಅರ್ಜಿ ಹಿಡಿದು ಪಕ್ಕದ ಮನೆಗೆ ಹೋದರು. ಅಲ್ಲಿ ನಡೆದದ್ದನ್ನು ಮರುದಿನ ನನಗೆ ಅವರೇ ಹೇಳಿದರು. ಹುಡುಗ ಮೊದಲ ಪುಟ ಓದಿ ವಾಪಸು ಕೊಟ್ಟನಂತೆ.

“ಇದ್ರಲ್ಲಿ ನಂದಲ್ಲ ಅಂತ ಬರ್ದಿದೆಯಲ್ಲ ತಾತ.”

“ಹೂಂ ಕಣೋ. ನಿಂದಲ್ವಲ್ಲ.”

“ನಂದೇ, ಬುಡಿ. ಅಲ್ಲಿ ಕೇಳ್ದೋರ್ಗೆಲ್ಲ ಎರಡು ವರ್ಷ ನಂದೇ ಅಂದಿದೀನಿ. ಹಂಗಂದ್ರೆ ಬೇಗ ಸುಮ್ನಾಯ್ತಾರೆ.”

ಅದಾದ ಮೇಲೆ ಗುಮಾಸ್ತರು ಕಚೇರಿಗೆ ಬರುವುದು ಕಡಿಮೆಯಾಯಿತು. ಬಂದರೂ ಒಂಬತ್ತರ ಲೆಕ್ಕವಿರಲಿಲ್ಲ, ವಿಭೂತಿಯೂ ಕೆಲವು ದಿನ ಇರುತ್ತಿರಲಿಲ್ಲ. ಕಳೆದ ತಿಂಗಳು ಒಂದು ಬೆಳಿಗ್ಗೆ ಕಾಫಿ ಕುಡಿದು ಗೋಡೆಗೆ ಒರಗಿದವರು ಏಳಲಿಲ್ಲ.

ಮಣ್ಣು ಮಾಡಿ ಹದಿನೈದು ದಿನ ಕಳೆದ ಮೇಲೆ ಆ ಹುಡುಗ ಕಚೇರಿಗೆ ಬಂದ. ಅಜ್ಜಿ ಕೊಟ್ಟು ಕಳಿಸಿದ್ದರೆಂದು ಕಚೇರಿಯ ಬೀಗದ ಕೈಯನ್ನೂ ತಾತನ ಬಟ್ಟೆ ಚೀಲವನ್ನೂ ಮೇಜಿನ ಮೇಲಿಟ್ಟ. ಚೀಲದಲ್ಲಿ ಆ ಅರ್ಜಿಯಿತ್ತು. ವಕಾಲತ್ತು, ಅರ್ಜಿ, ಅಫಿಡವಿಟ್ಟು, ಒಟ್ಟು ಏಳು ಕಡೆ ಇಂಟು ಗುರುತು. ನಾನು ಏನೂ ಹೇಳುವ ಮೊದಲೇ ಹುಡುಗ ನನ್ನ ಪೆನ್ನು ತೆಗೆದುಕೊಂಡು ಮೊದಲ ಗುರುತಿನ ಪಕ್ಕ ಸಹಿ ಹಾಕಿದ.

“ಓದಿ ನೋಡಿ ಹಾಕೋ,” ಎಂದೆ.

“ಯಾಕೆ ಮೇಡಂ, ತಾತ ಗುರುತು ಹಾಕವ್ರಲ್ಲ,” ಎಂದು ಉಳಿದ ಆರಕ್ಕೂ ಹಾಕಿದ. ಮೊದಲ ಸಲವೂ ಹೀಗೇ ಹಾಕಿದ್ದಿರಬೇಕು.

ಆ ಅರ್ಜಿ ಏನಾಗುತ್ತದೆಂದು ನನಗೆ ಗೊತ್ತು. ವಾಯಿದೆ ಮೀರಿದೆ. ತಡವಾದದ್ದಕ್ಕೆ ಕಾರಣ ಬರೆಯಲು ಅವರು ಬಿಟ್ಟ ಜಾಗ ಖಾಲಿಯಿದೆ, ಅಲ್ಲಿ ಏನು ಬರೆಯಲಿ ಎಂದು ನನಗೆ ತೋಚುತ್ತಿಲ್ಲ. ಆದರೂ ಕಾಗದ ಶುದ್ಧವಾಗಿ ಹೋಗಲಿ ಎಂದು ಗುರುತು ಅಳಿಸಲು ರಬ್ಬರಿಗಾಗಿ ಚೀಲ ತಡಕಿದೆ. ಪೆನ್ಸಿಲು ಸಿಕ್ಕಿತು.

“ರಬ್ಬರು ಎಲ್ಲಿದೆಯೋ?” ಎಂದೆ.

“ಜೇಬಲ್ಲಿತ್ತು ಮೇಡಂ. ಅದ್ನ ಅಜ್ಜಿ ತಾತನ ಜೊತೆಗೇ ಇಟ್ಬುಟ್ರು.”

ಏಳು ಗುರುತುಗಳ ಸಮೇತ ಅರ್ಜಿಯನ್ನು ಹಾಗೆಯೇ ಕಳಿಸಿದೆ.